ಹೊಂಗೆ ಮರದ ಕೆಳಗಿನ ಕುರ್ಚಿ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ನಮ್ಮಪ್ಪ ಅಣ್ಣನಿಗೆ ಒಂದು ಜೊತೆ ಹೋರಿಕರು ಕೊಡಿಸಿ ನನಗೆ ಸ್ಲೇಟು ಕೊಡಿಸಿದ ದಿನದಿಂದ ಅದು ನನ್ನ ಜೊತೆಯಲ್ಲೇ ಬೆಳೆದಿದೆ. ಅಣ್ಣನ ಮೇಲಿನದು, ಓರಗೆಯವರ ಮೇಲಿನದು, ಎಲ್ಲ ಬಂದ ಹಾಗೇ ಹೋದವು. ಹೋಗದೆ ಉಳಿದದ್ದು ಒಂದೇ. ಅದು ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದ ಒಬ್ಬರ ಮೇಲಿನದು. ಅವರನ್ನು ಇಲ್ಲಿ ಮದ್ದೂರಿನವರು ಎಂದು ಕರೆಯುತ್ತೇನೆ, ಅಷ್ಟು ಸಾಕು.

ನಾನು ಆಗ ಮಂಡ್ಯದಲ್ಲಿ ಡ್ರಿಲ್ ಮೇಷ್ಟ್ರು. ಯುದ್ಧಕ್ಕೆ ಸ್ವಲ್ಪ ಮುಂಚೆ ಹೈಸ್ಕೂಲಿನ ಹಿಂದೆ ನಾಲ್ಕು ಕೋಣೆ ಕಟ್ಟಿ ಇಂಟರ್‌ಮೀಡಿಯೆಟ್ ತರಗತಿ ತೆರೆದಿದ್ದರು. ನಾಲ್ಕೇ ಕೋಣೆಯಾದರೂ ಊರಿಗೆ ಅದು ಕಾಲೇಜು. ಅದರ ಫುಟ್‌ಬಾಲ್ ತಂಡ ನನ್ನದು. ನನ್ನದು ಎಂದರೆ ಬರೀ ಮಾತಿಗಲ್ಲ. ಜಾಲಿ ಪೊದೆ ಕಿತ್ತು, ಕಲ್ಲು ಆರಿಸಿ, ಗುತ್ತಲಿನ ನಮ್ಮ ಮನೆಯಿಂದ ಎತ್ತು ತಂದು ನೆಲ ಹದ ಮಾಡಿ ಮೈದಾನ ಮಾಡಿದವನು ನಾನು. ಸುಣ್ಣ ಕಲಸಿ ಗೆರೆ ಎಳೆಯುತ್ತಿದ್ದವನು ನಾನು. ಯುದ್ಧದ ದೆಸೆಯಿಂದ ಚೆಂಡಿನೊಳಗಿನ ರಬ್ಬರ್ ಬ್ಲ್ಯಾಡರ್ ಸಿಗದಾದಾಗ, ತೂತು ಬಿದ್ದದ್ದನ್ನೇ ಊದಿ ಊದಿ ಕೆನ್ನೆ ನೋಯಿಸಿಕೊಂಡವನೂ ನಾನೇ. ಹಲಗೂರು, ಮಳವಳ್ಳಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗರಿಗೆ ಜ್ವರ ಬಂದರೆ ನಮ್ಮ ಮನೆಯಿಂದ ಗಂಜಿ ಹೋಗುತ್ತಿತ್ತು. ಏಳು ವರ್ಷ ಹೀಗೆ ಮಾಡಿದೆ. ಏಳು ವರ್ಷವೂ ಮೈಸೂರಿನ ಕಾಲೇಜಿನವರು ನಮ್ಮನ್ನು ಸೋಲಿಸಿ ಷೀಲ್ಡು ಹೊತ್ತುಕೊಂಡು ಹೋದರು.

ಒಂದು ದಿನ ಪ್ರಿನ್ಸಿಪಾಲರು ಕೋಣೆಗೆ ಕರೆಸಿದರು. “ಮೇಷ್ಟ್ರೇ, ಮದ್ದೂರಿನಲ್ಲಿ ಹಳೆಯ ಆಟಗಾರರೊಬ್ಬರು ಇದ್ದಾರಲ್ಲ, ಅವರು ವಾರಕ್ಕೆ ಮೂರು ಸಂಜೆ ಬಂದು ಸಲಹೆ ಕೊಡಲು ಒಪ್ಪಿದ್ದಾರೆ. ನೀವು ಮಾಡುವ ಕೆಲಸ ನೀವು ಮಾಡಿ. ಅವರು ಸುಮ್ಮನೆ ನೋಡಿ ಎರಡು ಮಾತು ಹೇಳುತ್ತಾರೆ, ಅಷ್ಟೆ,” ಎಂದರು.

ಮದ್ದೂರಿನವರು ಯಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂಗಳೂರಿನ ದಂಡಿನಲ್ಲಿ ಬೂಟು ಹಾಕಿದ ಬಿಳಿ ಸೋಲ್ಜರುಗಳ ಮೇಲೆ ಬರಿಗಾಲಲ್ಲಿ ಆಡಿ ಗೆದ್ದವರು. ಆಮೇಲೆ ಶಿವನಸಮುದ್ರದ ಕರೆಂಟಿನ ಮನೆಯಲ್ಲಿ ಫಿಟ್ಟರಾಗಿ, ಅಲ್ಲಿನ ತಂಡ ಕಟ್ಟಿದವರು. ನಾನು ಹತ್ತು ವರ್ಷದವನಿದ್ದಾಗ ಮಳವಳ್ಳಿಯ ನಮ್ಮ ಸೋದರಮಾವನ ಗಾಡಿಯಲ್ಲಿ ಅವರ ಆಟ ನೋಡಲೆಂದೇ ಶಿವನಸಮುದ್ರಕ್ಕೆ ಹೋಗಿದ್ದೆ. ಕೂಗಿ ಕೂಗಿ ಗಂಟಲು ಕಟ್ಟಿ, ಎರಡು ದಿನ ಮಾತು ಹೊರಡಲಿಲ್ಲ. ಅದೇ ಮನುಷ್ಯ ಈಗ ನನ್ನ ಮೈದಾನಕ್ಕೆ ಬರುತ್ತಾರೆ ಎಂದರೆ ಕುಣಿದಾಡಬೇಕಿತ್ತು. ಪ್ರಿನ್ಸಿಪಾಲರ ಮುಂದೆ “ಒಳ್ಳೇದು ಸಾರ್” ಎಂದೆ. ಹೊರಗೆ ಬಂದಾಗ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಗಿತ್ತು.

ಮೊದಲನೆಯ ಸಂಜೆಯೇ ಕುರ್ಚಿಯ ವಿಷಯ ಬಂತು. ಜವಾನ ಪ್ರಿನ್ಸಿಪಾಲರ ಕೋಣೆಯಿಂದ ಬೆತ್ತ ಹೆಣೆದ ಕೈ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ಹೊಂಗೆ ಮರದ ಕೆಳಗೆ ಇಟ್ಟ. ಕುರ್ಚಿ ಎಂದರೆ ನಮ್ಮ ಸೀಮೆಯಲ್ಲಿ ಬರೀ ಮರದ ಸಾಮಾನಲ್ಲ. ಯಾರು ಕೂರುತ್ತಾರೆ, ಯಾರ ಮುಂದೆ ಕೂರುತ್ತಾರೆ ಎನ್ನುವುದರ ಮೇಲೆ ಮನೆತನಗಳೇ ಮಾತು ಬಿಟ್ಟಿವೆ. ನಮ್ಮ ಮನೆಯ ಒಂದೇ ಕುರ್ಚಿ ಅಟ್ಟದ ಮೇಲಿರುತ್ತಿತ್ತು, ಅಮಲ್ದಾರರು ಬಂದರೆ ಮಾತ್ರ ಇಳಿಯುತ್ತಿತ್ತು. ನಾನು ಹೆಣ್ಣು ನೋಡಲು ಹೋದಾಗ ಅವರ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ನಮ್ಮ ಭಾವನಿಗೆ ಕೊಟ್ಟರು. ಮದುವೆ ಗಂಡು ನಾನು ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದೆ. ಅದನ್ನು ಹೆಂಡತಿಗೆ ಇವತ್ತಿಗೂ ಎತ್ತಿ ಆಡುತ್ತೇನೆ. ಏಳು ವರ್ಷ ಆ ಮೈದಾನದಲ್ಲಿ ನಿಂತ ನನಗೆ ಒಂದು ಮುಕ್ಕಾಲಿ ಕೂಡ ಯಾರೂ ತಂದು ಹಾಕಿರಲಿಲ್ಲ.

ಅವರು ಬಂದರು. ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುತ್ತಿದ್ದ ಮದ್ದೂರಿನ ಬಸ್ಸು ಇಳಿದು ನಿಧಾನವಾಗಿ, ತೋಟ ನೋಡಲು ಬಂದ ಯಜಮಾನನ ಹಾಗೆ ನಡೆದು ಬಂದರು. ಕುರ್ಚಿಯಲ್ಲಿ ಕೂತು ಬಲಗಾಲನ್ನು ಮುಂದಕ್ಕೆ ಉದ್ದಕ್ಕೆ ಚಾಚಿದರು. ನಾನು ಎದುರಿಗೆ ನಿಂತಿದ್ದೇನೆ, ಪ್ರಿನ್ಸಿಪಾಲರು ಪಕ್ಕದಲ್ಲಿದ್ದಾರೆ, ಆ ಕಾಲು ಮಾತ್ರ ಮಡಿಸಲಿಲ್ಲ. ಎಂಥ ಜಂಬ ಎಂದುಕೊಂಡೆ.

ಮೊದಲ ಮೂರು ಸಂಜೆ ಅವರು ಬಾಯಿ ಬಿಡಲಿಲ್ಲ. ಎಲೆ ಅಡಿಕೆ ಜಗಿಯುತ್ತ ನೋಡಿದರು. ನನ್ನ ಪಾಡಿಗೆ ನಾನು ಸೀಟಿ ಊದಿ, ಸಾಲು ನಿಲ್ಲಿಸಿ, ಮೈದಾನಕ್ಕೆ ಹತ್ತು ಸುತ್ತು ಓಡಿಸಿ, ಚೆಂಡನ್ನು ಎಷ್ಟು ಎತ್ತರಕ್ಕೆ ಒದೆಯಬಹುದೋ ಅಷ್ಟು ಎತ್ತರಕ್ಕೆ ಒದೆಸಿದೆ. ಅವರ ಕಣ್ಣಿಗೆ ಬೀಳಲಿ ಎಂದು ನಾನೇ ಎರಡು ಸಲ ಒದ್ದೆ. ನಾಲ್ಕನೆಯ ಸಂಜೆ ಹಲಗೂರಿನ ಹುಡುಗನನ್ನು ಹತ್ತಿರ ಕರೆದರು. ತಂಡದಲ್ಲಿ ಅವನಷ್ಟು ಬಲವಾಗಿ ಒದೆಯುವವನು ಇನ್ನೊಬ್ಬನಿರಲಿಲ್ಲ. ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ದೇವರಿಗೇ ಗೊತ್ತು.

“ಲೇ, ಚೆಂಡು ನಿಂಗೇನ್ ಮಾಡೈತ್ಲಾ? ಅದ್ಯಾಕಂಗ್ ಒದ್ದೀಯೆ?” ಎಂದರು. “ನಿಂತೋದ ಬಸ್ನ ತಳ್ತಾರಲ್ಲ, ಅಂಗೆ ತಳ್ಳು. ಅದು ಓಗೋ ಜಾಗ ನೋಡು, ಅದ್ನೇ ನೋಡ್ಬ್ಯಾಡ.”

ಆಮೇಲೆ ತಮ್ಮ ಚೀಲದಿಂದ ಗೋಣಿತಾಟಿನ ತುಂಡುಗಳನ್ನು ತೆಗೆದು ಹುಡುಗರೆಲ್ಲರ ಬಲಗಾಲಿಗೂ ದಪ್ಪಗೆ ಸುತ್ತಿಸಿದರು. ಬಲಗಾಲಲ್ಲಿ ಒದೆಯಲು ಆಗದೆ ಹುಡುಗರು ಎಡಗಾಲು ಬಳಸಲೇಬೇಕಾಯಿತು. ಮೊದಲ ದಿನ ಎಲ್ಲರೂ ಬಿದ್ದು ಎದ್ದು ನಗೆಪಾಟಲಾದರು. ನಾನೂ ಮನಸ್ಸಿನಲ್ಲಿ ನಕ್ಕೆ. ಹದಿನೈದು ದಿನ ಕಳೆಯುವುದರಲ್ಲಿ ನಗು ನಿಂತಿತು. ಎರಡು ಕಾಲೂ ಒಂದೇ ಸಮ ಆಡುವ ಹುಡುಗರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರು ಓಡಲಿಲ್ಲ, ಚೆಂಡು ಮುಟ್ಟಲಿಲ್ಲ, ಷರಟು ಬೆವರಿಸಿಕೊಳ್ಳಲಿಲ್ಲ. ಒಂದು ಸಂಜೆಗೆ ಒಬ್ಬನಿಗೆ ಎರಡು ಮಾತು, ಅಷ್ಟೆ. ಒಂದು ದಿನ ಯಾರಿಗೂ ಹೇಳದೆ ನಮ್ಮ ಬ್ಲ್ಯಾಡರನ್ನು ಮದ್ದೂರಿಗೆ ತೆಗೆದುಕೊಂಡು ಹೋಗಿ, ಬಸ್ಸಿನ ಟ್ಯೂಬಿನ ತೇಪೆ ಹಾಕಿ ತಂದರು. ಆಮೇಲೆ ಅದು ಗಾಳಿ ಬಿಡಲೇ ಇಲ್ಲ. ನನ್ನ ಕೆನ್ನೆಗೆ ಸುಖವಾಯಿತು, ಎದೆಗೆ ಆಗಲಿಲ್ಲ. ಏಳು ವರ್ಷದ ಉಸಿರು ಒಂದು ತೇಪೆಯಲ್ಲಿ ಹೋಯಿತಲ್ಲ ಎನಿಸಿತು.

ಹುಡುಗರ ಬಾಯಲ್ಲಿ ಹೊಸ ಮಂತ್ರ ಹುಟ್ಟಿಕೊಂಡಿತು: “ಸಾಹೇಬ್ರು ಯೋಳುದ್ರು.” ಗೋಲು ಕಾಯುವ ಮಳವಳ್ಳಿಯ ಗೋಲಿ ಹುಡುಗ ಎರಡು ಹೆಜ್ಜೆ ಮುಂದೆ ನಿಲ್ಲುತ್ತಿದ್ದ. ಯಾಕಪ್ಪ ಎಂದರೆ, ಸಾಹೇಬ್ರು ಯೋಳುದ್ರು. ಹತ್ತು ಸುತ್ತಿನ ಬದಲು ಆರೇ ಸುತ್ತು ಓಡಿ ನಿಂತರು. ಯಾಕ್ರೋ ಎಂದರೆ, ಸಾಹೇಬ್ರು ಯೋಳುದ್ರು. ಊಟದಲ್ಲಿ ಮುದ್ದೆ ಒಂದು ಕಡಿಮೆ ಮಾಡಿದ್ದಕ್ಕೂ ಅದೇ. ನಾನು ಹೇಳಿದ್ದನ್ನು ಹುಡುಗರು ಯಾರಿಗಾದರೂ ಹೀಗೆ ಹೇಳಿಕೊಂಡು ತಿರುಗಿದ್ದರೇ ಎಂದು ನೆನಪು ಮಾಡಿಕೊಂಡೆ. ಒಂದೂ ನೆನಪಾಗಲಿಲ್ಲ.

ಒಂದು ದಿನ ಊಟದ ಮುಂದೆ ಕೂತು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು ನಕ್ಕಳು.

“ಏನ್ರೀ ಅದು, ಮನೆಗ್ ಸವ್ತಿ ಬಂದಂಗಾಡ್ತೀರಲ್ಲ. ಉಡುಗ್ರು ಆಟ ಕಲ್ತರೆ ನಿಮ್ಗೇನ್ ಕಷ್ಟ?”

“ಸವತಿಯಾದ್ರೆ ಜಗಳಾನಾದ್ರೂ ಆಡ್ಬೋದು ಕಣೇ. ಆ ಮನ್ಸ ಜಗಳಕ್ಕೂ ಸಿಗಾಕಿಲ್ಲ,” ಎಂದೆ.

ಅದು ನಿಜವಾದ ಮಾತು. ಅವರು ನನ್ನನ್ನು ಒಂದು ದಿನವೂ ಜರೆಯಲಿಲ್ಲ. ನನ್ನ ಸೀಟಿಗೆ ಅಡ್ಡ ಬರಲಿಲ್ಲ. ಹಾಗೆ ಅಡ್ಡ ಬಂದಿದ್ದರೆ ಪ್ರಿನ್ಸಿಪಾಲರ ಹತ್ತಿರ ದೂರು ಹೇಳುತ್ತಿದ್ದೆ. ದೂರು ಹೇಳಲು ಏನೂ ಸಿಗದಿದ್ದಾಗ ಆ ಕುರ್ಚಿಯ ಮೇಲೆ ನನ್ನ ಕಣ್ಣು ಬಿತ್ತು. ಸಂಜೆ ಅದನ್ನು ಜವಾನ ಹೊತ್ತು ತರುವುದನ್ನು ನೋಡಿದರೆ ಮೈ ಉರಿಯುತ್ತಿತ್ತು. ಅದರಲ್ಲಿ ಕೂತು, ಕಾಲು ಚಾಚಿ, ಅವರು ನನ್ನ ಹುಡುಗರನ್ನು ನನ್ನಿಂದ ಒಬ್ಬೊಬ್ಬರನ್ನಾಗಿ ಬಿಡಿಸಿಕೊಳ್ಳುತ್ತಿದ್ದಾರೆ ಎಂದು ತೋರುತ್ತಿತ್ತು. ಆ ವರ್ಷ ನಮ್ಮ ತಂಡ ಒಂದೊಂದೇ ಆಟ ಗೆಲ್ಲುತ್ತ ಕಡೆಯ ಆಟಕ್ಕೆ ಬಂತು. ನನಗೆ ಭಯ ಹಿಡಿಯಿತು. ಗೆದ್ದರೆ ಅದು ಅವರ ಗೆಲುವು, ಹಿಂದಿನ ಏಳು ಸೋಲುಗಳು ಮಾತ್ರ ನನ್ನವು.

ಕಡೆಯ ಆಟ ನಮ್ಮ ಮೈದಾನದಲ್ಲೇ ಗೊತ್ತಾಯಿತು. ಮೈಸೂರಿನ ತಂಡ ರೈಲಿನಲ್ಲಿ ಬಂತು. ಎಲ್ಲರಿಗೂ ಬೂಟು, ಎಲ್ಲರಿಗೂ ಪಟ್ಟೆ ಅಂಗಿ. ಅಮಲ್ದಾರರು, ಸಕ್ಕರೆ ಕಾರ್ಖಾನೆಯ ದೊಡ್ಡವರು, ವಕೀಲರು ಬರುವವರಿದ್ದರು. ಅತಿಥಿಗಳನ್ನು ಕೂರಿಸುವ ಹೊಣೆ ನನ್ನದು. “ಸಲಹೆಗಾರರ ಕುರ್ಚಿ ಮರೆಯಬೇಡಿ ಮೇಷ್ಟ್ರೇ,” ಎಂದು ಪ್ರಿನ್ಸಿಪಾಲರು ಬೆಳಿಗ್ಗೆಯೇ ಹೇಳಿದ್ದರು. ನಾನು ಬೆತ್ತದ ಕುರ್ಚಿಯನ್ನು ಒಯ್ದು ಹೊಂಗೆ ಮರದ ಎದುರು ಬದಿಯಲ್ಲಿದ್ದ ಶಾಮಿಯಾನದ ಕೆಳಗೆ, ಅತಿಥಿಗಳ ಸಾಲಿನಲ್ಲಿ ಹಾಕಿದೆ. ಒಬ್ಬ ಕಂಟ್ರಾಕ್ಟರು ಬಂದು ಅದರ ತುಂಬ ಕೂತರು. ಜವಾನ ಬಂದು ಕಿವಿಯಲ್ಲಿ ಕೇಳಿದಾಗ, “ಕುರ್ಚಿ ಸಾಲ್ದೇ ಬಂತು, ಏನ್ ಮಾಡ್ಲಿ?” ಎಂದೆ.

ಮದ್ದೂರಿನವರು ಬಂದು ಮರದ ಕೆಳಗೆ ನೋಡಿದರು. ಶಾಮಿಯಾನದ ಕಡೆ ನೋಡಿದರು. ಅಲ್ಲಿದ್ದ ಬೆತ್ತದ ಕುರ್ಚಿಯನ್ನೂ ನೋಡಿದರು ಎಂದು ನನಗೆ ಗೊತ್ತು. ಮರಕ್ಕೆ ಒರಗಿ ನಿಂತುಕೊಂಡರು. ಮೈದಾನಕ್ಕೆ ಇಳಿಯುತ್ತಿದ್ದ ಹಲಗೂರಿನವನು ನನ್ನ ಹತ್ತಿರ ಓಡಿ ಬಂದ.

“ಸಾ, ಸಾಹೇಬ್ರ ಕುರ್ಚಿ?”

“ಬತ್ತದೆ. ನೀನು ಆಟದ ಕಡೆ ನೋಡ್ಲಾ,” ಎಂದು ಗದರಿದೆ. ನಿಲ್ಲಲಿ, ನಾನು ಏಳು ವರ್ಷ ನಿಂತಿಲ್ಲವೇ ಎಂದುಕೊಂಡೆ. ನಿಜ ಹೇಳುತ್ತೇನೆ, ಅವತ್ತು ಮಧ್ಯಾಹ್ನದ ಮೊದಲ ಅರ್ಧ ಗಂಟೆಯಷ್ಟು ಹಗುರವಾಗಿ ಆ ವರ್ಷದಲ್ಲಿ ನಾನು ಯಾವತ್ತೂ ಉಸಿರಾಡಿರಲಿಲ್ಲ.

ಬಿಡುವಿನ ಹೊತ್ತಿಗೆ ಮೈಸೂರಿನವರು ಒಂದು ಗೋಲು ಮುಂದಿದ್ದರು. ಹುಡುಗರು ಅಭ್ಯಾಸದಂತೆ ಮರದ ಕಡೆ ಓಡಲು ಹೊರಟರು. “ಇಲ್ಲೇ ಕೂತ್ಕಳ್ರಿ,” ಎಂದು ತಡೆದು ಕಿತ್ತಳೆ ಹೋಳು ಹಂಚಿದೆ. ಜೋರಾಗಿ ಒದೀರಿ ಎನ್ನಲು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ತಲೆ ಎತ್ತಿದರೆ ಮರದ ಕೆಳಗಿನಿಂದ ಅವರು ನನ್ನನ್ನು ಕೈಬೀಸಿ ಕರೆಯುತ್ತಿದ್ದರು. ತಾವೇ ಬರಬಹುದಲ್ಲ ಎಂದು ಗೊಣಗಿಕೊಂಡು ಹೋದೆ.

ಹತ್ತಿರ ಹೋಗಿ ನೋಡಿದರೆ ಅವರ ಮುಖದ ತುಂಬ ಬೆವರು. ಎರಡು ಕೈಯಲ್ಲೂ ಮರ ಹಿಡಿದಿದ್ದರು. ಬಲಮಂಡಿ ಪೈಜಾಮದ ಬಟ್ಟೆಯೊಳಗೆ ತೆಂಗಿನಕಾಯಿಯಂತೆ ಊದಿಕೊಂಡಿತ್ತು.

“ಕೂತ್ಕಬಾರ್ದೆ?” ಎಂದೆ. ಕುರ್ಚಿ ಕಿತ್ತುಕೊಂಡವನು ಕೇಳಿದ ಪ್ರಶ್ನೆ ಅದು.

“ನೆಲಕ್ ಕೂತ್ರೆ ಏಳಕ್ಕಾಗಕಿಲ್ಲ ಮೇಷ್ಟ್ರೆ. ಈ ಮಂಡಿ ಮಡಚಕಿಲ್ಲ. ಶಿವನಸಮುದ್ರದ ಟೀಮ್ ಕಟ್ಕಂಡು ದಂಡಿಗ್ ಆಡಕ್ ಓದಾಗ ಒಬ್ಬ ಸೋಲ್ಜರು ಬೂಟ್ನಾಗೆ ಒದ್ದ, ಅವತ್ತಿಗೇ ನನ್ ಆಟ ಮುಗೀತು. ಅದ್ ಬುಡಿ, ಟೇಮಿಲ್ಲ. ಆ ಉದ್ದನೆ ಬ್ಯಾಕು ಒಸಾ ಬೂಟ್ ಆಕವ್ನೆ, ಕಚ್ತಾ ಐತೆ ಅವನ್ಗೆ. ಬಲಕ್ ತಿರುಗ್ದಾಗೆಲ್ಲ ಕಾಲ್ ನೋಡ್ಕತಾನೆ. ಅಲಗೂರವನ್ನ ಎಡಗಡೆ ತುದಿಗೆ ಆಕಿ. ಗೆರೆ ಪಕ್ಕದಲ್ಲೇ ದಾಟ್ಲಿ, ಎಡಗಾಲಲ್ಲೇ ಒಡೀಲಿ. ಓಗಿ, ಬೇಗ ಓಗಿ.”

ಕಾಲು ಚಾಚಿದ್ದು ಜಂಬವಲ್ಲ. ನಿಧಾನ ನಡಿಗೆ ಯಜಮಾನಿಕೆಯಲ್ಲ. ಕುರ್ಚಿ ಅವರ ಮರ್ಯಾದೆಗಲ್ಲ, ಮಂಡಿಗೆ ಹಾಕಿದ್ದು. ಇದು ನನ್ನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ನಾನು ಒಂದು ದಿನವೂ ಅವರ ಕ್ಷೇಮ ಕೇಳಿರಲಿಲ್ಲ.

ಮರದಿಂದ ಹುಡುಗರಿದ್ದಲ್ಲಿಗೆ ನಲವತ್ತು ಹೆಜ್ಜೆ. ಮೈದಾನ ಅಳೆದವನು ನಾನು, ನನಗೆ ಗೊತ್ತು. ನಾಚಿಕೆಯಿಂದ ಹೊರಟವನು ಇಪ್ಪತ್ತನೆಯ ಹೆಜ್ಜೆಗೆ ಬರುವಾಗ ಬೇರೆ ಲೆಕ್ಕ ಹಾಕುತ್ತಿದ್ದೆ. ಹುಡುಗರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬಹಳ ದಿನಗಳ ಮೇಲೆ ಹಾಗೆ ನೋಡಿದ್ದರು. ನಾನು ಮದ್ದೂರಿನವರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೊನೆಯಲ್ಲಿ ಇನ್ನೆರಡು ಪದ ಹೇಳಬೇಕಾಗಿತ್ತು, ಸಾಹೇಬ್ರು ಯೋಳುದ್ರು ಎಂದು. ಅವೆರಡನ್ನು ನುಂಗಿಕೊಂಡೆ.

ಆಮೇಲೆ ಆದದ್ದನ್ನು ಮಂಡ್ಯದ ಹಳಬರು ಈಗಲೂ ಹೇಳುತ್ತಾರೆ. ಹಲಗೂರಿನವನು ಗೆರೆ ಪಕ್ಕದಲ್ಲೇ ನುಗ್ಗಿ ಆ ಉದ್ದನೆಯ ಬ್ಯಾಕನ್ನು ಮೂರು ಸಲ ದಾಟಿದ. ಒಂದು ಸಲ ಚೆಂಡು ಹೊರಗೆ ಹೋಯಿತು. ಎರಡು ಸಲ ಎಡಗಾಲಿನಿಂದ ನೇರವಾಗಿ ಬಲೆಗೆ ಹೋಯಿತು. ಆಟ ಮುಗಿದ ಸೀಟಿ ಆದದ್ದೇ ತಡ ಹುಡುಗರು ಬಂದು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು.

“ಮೇಷ್ಟ್ರ ತಲೆನೇ ತಲೆ ಕಣ್ಲಾ!” ಎಂದು ಒಬ್ಬ ಕೂಗಿದ. ಜನವೂ ಕೂಗಿತು. ಆ ಎತ್ತರದಿಂದ ಮೈದಾನ ಪೂರ್ತಿ ಕಾಣುತ್ತಿತ್ತು. ಹೊಂಗೆ ಮರದ ಕೆಳಗೆ ಅವರು ಒಂದು ಕೈಯಲ್ಲಿ ಮರ ಹಿಡಿದುಕೊಂಡು ಇನ್ನೊಂದು ಕೈಯನ್ನು ತೊಡೆಗೆ ಬಡಿದು ಚಪ್ಪಾಳೆ ಹಾಕುತ್ತಿದ್ದರು. ನಾನು ಬೇರೆ ಕಡೆ ಮುಖ ತಿರುಗಿಸಿದೆ. ಕೆಳಗಿಳಿದು ನೋಡುವಷ್ಟರಲ್ಲಿ ಜವಾನ ಅವರನ್ನು ತೋಳು ಹಿಡಿದು ಬಸ್ಸಿನ ಕಡೆ ನಡೆಸಿಕೊಂಡು ಹೋಗುತ್ತಿದ್ದ.

ಮಾರನೆಯ ದಿನ ಫೋಟೋ ತೆಗೆಸಿದರು. ಬೆತ್ತದ ಕುರ್ಚಿಯನ್ನು ನಡುವೆ ಹಾಕಿ, ಮುಂದೆ ಷೀಲ್ಡು ಇಟ್ಟರು. ಕುರ್ಚಿ ಸಲಹೆಗಾರರಿಗೆ ಎಂದಿದ್ದರು ಪ್ರಿನ್ಸಿಪಾಲರು. ಕಾಲು ನೆಲಕ್ಕೆ ಊರಲು ಆಗುತ್ತಿಲ್ಲ, ಬರುವುದಿಲ್ಲ ಎಂದು ಮದ್ದೂರಿನಿಂದ ಸುದ್ದಿ ಬಂತು. ನಡುವಿನ ಕುರ್ಚಿ ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲ, ಯಾರಾದರೂ ಕೂರಿ ಎಂದರು ಫೋಟೋದವರು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನಾನೇ ಹೋಗಿ ಕೂತೆ.

ಎರಡು ವಾರದ ಮೇಲೆ ಹುಡುಗರು ಫೋಟೋದ ಒಂದು ಪ್ರತಿಯನ್ನು ನನ್ನ ಕೈಗೆ ಕೊಟ್ಟು ಮದ್ದೂರಿಗೆ ಕಳಿಸಿದರು. ಸ್ಟೇಷನ್ನಿನ ಹತ್ತಿರ ತಗಡಿನ ಶೆಡ್ಡು. ಒಂದು ಇದ್ದಿಲ ಬಸ್ಸು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅವರು ಹಳೆಯ ಬಸ್ಸಿನ ಸೀಟನ್ನು ಇಟ್ಟಿಗೆಯ ಮೇಲೆ ಎತ್ತರಿಸಿಕೊಂಡು, ಕಾಲು ಚಾಚಿ ಕೂತಿದ್ದರು. ಕೂರಲು ಬೇರೆ ಏನೂ ಇರಲಿಲ್ಲ. ನಾನು ಒಂದು ಟೈರಿನ ಮೇಲೆ ಕೂತೆ. ಅವರು ಫೋಟೋ ಹಿಡಿದುಕೊಂಡು ಒಬ್ಬೊಬ್ಬ ಹುಡುಗನ ಮುಖದ ಮೇಲೂ ಬೆರಳಿಟ್ಟು ನೋಡಿದರು. ಬೆರಳು ನಡುವಿನ ಕುರ್ಚಿಗೆ ಬಂದು ನಿಂತಿತು.

“ಬೆನ್ನು ನೆಟ್ಟಗಿಟ್ಕಬೇಕಿತ್ತು ಮೇಷ್ಟ್ರೆ,” ಎಂದರು. “ಕುರ್ಚಿಲಿ ಕೂತು ರೂಢಿ ಇಲ್ಲ ನಿಮ್ಗೆ.”

ಬೈಗುಳವೋ ತಮಾಷೆಯೋ ತಿಳಿಯಲಿಲ್ಲ. ಅವರೇ ಮುಂದುವರಿಸಿದರು.

“ಉಡುಗ್ರು ಮೊನ್ನೆ ಬಂದಿದ್ರು. ಅಲಗೂರವನ್ನ ಎಡಕ್ ಆಕ್ಸಿದ್ದು ನೀವಾ, ಮೇಷ್ಟ್ರಾ ಅಂತ ಕೇಳುದ್ರು.”

“ಏನಂದ್ರಿ?”

“ಮೇಷ್ಟ್ರೇ ಅಂದೆ.”

“ಯಾಕೆ?” ಎಂದೆ. ನನ್ನ ದನಿ ಏರಿತ್ತು.

“ನಾನು ವಾರಕ್ ಮೂರ್ ದಿನದವ್ನು. ನೀವು ದಿನಾ ಇರೋರು. ಅಲ್ಲಿ ನಿಮ್ ಮಾತ್ ನಡೀಬೇಕು, ನಂದಲ್ಲ. ಸಲಹೆ ಅನ್ನೋದು ಗ್ರೀಸ್ ಇದ್ದಂಗೆ ಮೇಷ್ಟ್ರೆ, ಒಳಗಿರ್ಬೇಕು. ಒರಗ್ ಬಂತು ಅಂದ್ರೆ ಗಾಡಿ ಎಲ್ಲೋ ಕೆಟ್ಟದೆ ಅಂತ ಅರ್ಥ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕುರ್ಚಿ ಯಾಕೆ ತೆಗೆದೆ ಎಂದು ಕೇಳಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಕೇಳಲಿಲ್ಲ. ಒಳಗಿನಿಂದ ಅವರ ಮನೆಯವರು ಕಳಿಸಿದ ಚಹ ಕುಡಿದು ಎದ್ದೆ. ಬರುವಾಗ ರೈಲಿನಲ್ಲಿ ಕೂತು ಯೋಚಿಸಿದೆ. ನಾನು ತಾಳಲಾರದೆ ಕದ್ದ ಗೆಲುವನ್ನು ಅವರು ಎಲೆ ಅಡಿಕೆ ಕೊಟ್ಟ ಹಾಗೆ ಕೊಟ್ಟುಬಿಟ್ಟರು. ಆಟದ ಮೇಲಿದ್ದ ಹೊಟ್ಟೆಕಿಚ್ಚು ಅವತ್ತು ಅವರ ಮನಸ್ಸಿನ ಮೇಲೆ ಹೋಯಿತು. ಅದು ಇನ್ನೂ ಕೆಟ್ಟದ್ದು. ಆಟವನ್ನಾದರೆ ಕಲಿಯಬಹುದಿತ್ತು.

ಆ ಕಾಲಿನಲ್ಲಿ ಬಸ್ಸು ಹತ್ತಲು ಆಗದೆ ಅವರು ಮತ್ತೆ ಮಂಡ್ಯಕ್ಕೆ ಬರಲಿಲ್ಲ. ಮೈದಾನ ಪೂರ್ತಿ ನನ್ನದಾಯಿತು. ಗೋಣಿತಾಟು ಸುತ್ತಿಸಿದೆ, ಆರು ಸುತ್ತು ಓಡಿಸಿದೆ, ಅವರು ಹೇಳಿದ ಮಾತುಗಳನ್ನೇ ಹೇಳಿದೆ. ಯಾವ ಹುಡುಗನಿಗೆ ಯಾವ ದಿನ ಯಾವ ಎರಡು ಮಾತು ಎನ್ನುವುದು ನನಗೆ ಗೊತ್ತಾಗಲಿಲ್ಲ. ಮುಂದಿನ ವರ್ಷ ಮೊದಲನೆಯ ಆಟದಲ್ಲೇ ಸೋತೆವು. ಷೀಲ್ಡು ಮೈಸೂರಿಗೆ ವಾಪಸು ಹೋಯಿತು.

ಸ್ವಾತಂತ್ರ್ಯ ಬಂದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಮದ್ದೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಲಗೂರಿನವನು, ಮಳವಳ್ಳಿಯ ಗೋಲಿ, ಇನ್ನೂ ನಾಲ್ಕೈದು ಜನ ನನಗಿಂತ ಮುಂಚೆ ಬಂದು ಜನಾಜಾಕ್ಕೆ ಹೆಗಲು ಕೊಟ್ಟಿದ್ದರು. ಆ ಹೆಗಲುಗಳ ಮೇಲೆ ನಾನೂ ಒಂದು ಸಂಜೆ ಕೂತಿದ್ದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಪಟ್ಟೆ.

ಫೋಟೋ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರು ನೋಡಿ, ಓ, ಷೀಲ್ಡು ಗೆಲ್ಲಿಸಿದವರು ನೀವೇ ಅಲ್ಲವೇ ಎನ್ನುತ್ತಾರೆ. ಹೂಂ ಎನ್ನುತ್ತೇನೆ. ಇದೆಲ್ಲ ಬರೆದು ಮುಗಿಸಿ ಈಗ ಒಂದು ಸಲ ತಿರುಗಿ ಓದಿದೆ. ಜಾಲಿ ಪೊದೆ, ಬ್ಲ್ಯಾಡರಿನ ತೇಪೆ, ಕಿತ್ತಳೆ ಹೋಳು ಸಹಿತ ಎಲ್ಲ ಬಂದಿದೆ, ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಮರೆತದ್ದಲ್ಲ. ಆ ದಿನ ಕುರ್ಚಿಯನ್ನೂ ನಾನು ಮರೆತಿರಲಿಲ್ಲ.